ಜ್ವರ, ನಿಂಬೆಹಣ್ಣು ಮತ್ತು ನೌಕಾಧಿಪತಿ ನೆಲ್ಸನ್

ಮಕ್ಕಳೇ, ಪಾಣೆಮಂಗಳೂರಿನ ಸೇತುವೆಯ ಮೇಲೆ ನಿಂತು ನೇತ್ರಾವತಿ ನದಿಯನ್ನು ನೋಡಿದ್ದೀರಾ? ಬೆಳ್ತಂಗಡಿಯ ಬೆಟ್ಟಗಳ ಕಡೆಯಿಂದ ಬರುವ ಈ ನೀರು ಬಂಟ್ವಾಳವನ್ನು ದಾಟಿ ಮಂಗಳೂರಿನ ಬಳಿ ಸಮುದ್ರವನ್ನು ಸೇರುತ್ತದೆ. ವೇಣೂರಿನ ಕಡೆಯಿಂದ ಹರಿದು ಬರುವ ಫಲ್ಗುಣಿ, ಅಂದರೆ ಗುರುಪುರ ಹೊಳೆಯೂ ಅಲ್ಲಿಗೇ ಬರುತ್ತದೆ. ಎರಡೂ ನದಿಗಳು ಸಮುದ್ರವನ್ನು ಕೂಡುವ ಆ ಜಾಗಕ್ಕೆ ಅಳಿವೆಬಾಗಿಲು ಎಂದು ಹೆಸರು. ರೈಲು, ಬಸ್ಸು ಇಲ್ಲದ ಕಾಲದಲ್ಲಿ ದೋಣಿಗಳು ಮಂಗಳೂರಿನಿಂದ ಬಂಟ್ವಾಳದವರೆಗೂ ಬರುತ್ತಿದ್ದವು. ಹಾಗಾಗಿ ಸಮುದ್ರದಲ್ಲಿ ನಡೆದ ಯುದ್ಧಗಳಿಗೂ ನಮ್ಮ ಈ ಒಳನಾಡಿನ ಊರುಗಳಿಗೂ ಸಂಬಂಧವಿತ್ತು.

ಈಗ ನಾವು ತಿಳಿಯಲಿರುವುದು ಬ್ರಿಟನ್ನಿನ ನೌಕಾಧಿಕಾರಿ ಹೊರೇಷಿಯೊ ನೆಲ್ಸನ್‌ನ ಬದುಕನ್ನು. ಜಗತ್ತಿನ ಹೆಸರಾಂತ ನಾವಿಕರಲ್ಲಿ ಆತನೂ ಒಬ್ಬ. ಆದರೆ ಆತ ಯುದ್ಧದ ಗುಂಡಿನ ಸದ್ದನ್ನು ಮೊದಲು ಕೇಳಿದ್ದು ಯುರೋಪಿನಲ್ಲಲ್ಲ, ನಮ್ಮ ಪಶ್ಚಿಮ ಕರಾವಳಿಯ ಸಮುದ್ರದಲ್ಲಿ! ಎದುರಿಗಿದ್ದವು ಹೈದರಾಲಿಯ ಹಡಗುಗಳು. ಅಷ್ಟೇ ಅಲ್ಲ, ಆತನನ್ನು ಮೊದಲು ಸೋಲಿಸಿದ್ದೂ ಭಾರತದಲ್ಲೇ. ಸೋಲಿಸಿದವರು ಯಾರು? ಸೈನಿಕರಲ್ಲ, ಒಂದು ಸೊಳ್ಳೆ. ಅದು ಹೇಗೆ ಎಂದು ನೋಡೋಣ.

ಹನ್ನೆರಡು ವರ್ಷದ ನಾವಿಕ

ನೆಲ್ಸನ್ ಹುಟ್ಟಿದ್ದು 1758ರ ಸೆಪ್ಟೆಂಬರ್ 29ರಂದು, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಬರ್ನಮ್ ಥಾರ್ಪ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಹನ್ನೊಂದು ಮಕ್ಕಳಲ್ಲಿ ಈತ ಆರನೆಯವನು. ಒಂಬತ್ತು ವರ್ಷವಾದಾಗ ತಾಯಿ ತೀರಿಕೊಂಡಳು. ಹುಡುಗ ಸಣಕಲು. ಗಟ್ಟಿಮುಟ್ಟಾದ ದೇಹ ಅವನದಾಗಿರಲಿಲ್ಲ.

ಅವನ ಸೋದರಮಾವ ಮಾರಿಸ್ ಸಕ್ಲಿಂಗ್ ನೌಕಾಪಡೆಯಲ್ಲಿ ಕ್ಯಾಪ್ಟನ್ ಆಗಿದ್ದ. 1771ರಲ್ಲಿ ನೆಲ್ಸನ್ ಮಾವನ ಹಡಗನ್ನು ಸೇರಿದ. ಆಗ ಅವನಿಗೆ ಕೇವಲ 12 ವರ್ಷ! ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಅಂದಿನ ಕಾಲದಲ್ಲಿ ಅಧಿಕಾರಿಗಳಾಗುವ ಹುಡುಗರು ಹೀಗೆ ಚಿಕ್ಕಂದಿನಲ್ಲೇ ಹಡಗು ಹತ್ತಿ, ಹಗ್ಗ ಕಟ್ಟುವುದು, ಹಾಯಿ ಬಿಚ್ಚುವುದು, ನಕ್ಷೆ ಓದುವುದು, ಸೂರ್ಯನ ಎತ್ತರ ಅಳೆದು ಹಡಗು ಎಲ್ಲಿದೆ ಎಂದು ಲೆಕ್ಕ ಹಾಕುವುದು ಎಲ್ಲವನ್ನೂ ಕೆಲಸ ಮಾಡುತ್ತಲೇ ಕಲಿಯುತ್ತಿದ್ದರು.

ಒಂದು ವಿಚಿತ್ರ ಸಂಗತಿ ಗೊತ್ತೇ? ನೆಲ್ಸನ್‌ಗೆ ಹಡಗು ತೂಗಾಡಿದರೆ ವಾಂತಿ ಬರುತ್ತಿತ್ತು. ಈ ತೊಂದರೆ ಅವನನ್ನು ಜೀವನದುದ್ದಕ್ಕೂ ಬಿಡಲಿಲ್ಲ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಹೋಗುವಾಗ ನಿಮ್ಮಲ್ಲಿ ಕೆಲವರಿಗೂ ಹೀಗೇ ಆಗಿರಬಹುದು. ಎರಡಕ್ಕೂ ಕಾರಣ ಒಂದೇ. ನಮ್ಮ ಕಿವಿಯ ಒಳಭಾಗದಲ್ಲಿ ದೇಹದ ಸಮತೋಲವನ್ನು ಗಮನಿಸುವ ಪುಟ್ಟ ಅಂಗವಿದೆ. ದೇಹ ಅಲುಗುತ್ತಿದೆ ಎಂದು ಅದು ಮಿದುಳಿಗೆ ತಿಳಿಸುತ್ತದೆ. ಆದರೆ ಕಣ್ಣಿನ ಎದುರಿಗಿರುವ ಬಸ್ಸಿನ ಸೀಟು ಅಥವಾ ಹಡಗಿನ ಗೋಡೆ ಅಲುಗದಂತೆ ಕಾಣುತ್ತದೆ. ಎರಡು ಸುದ್ದಿಗಳು ಹೊಂದಾಣಿಕೆಯಾಗದೆ ಹೊಟ್ಟೆ ತೊಳಸುತ್ತದೆ. ಕಿಟಕಿಯಿಂದ ದೂರದ ಬೆಟ್ಟವನ್ನು ನೋಡುತ್ತಿದ್ದರೆ ಸ್ವಲ್ಪ ಹಿತವೆನಿಸುವುದು ಇದರಿಂದಲೇ.

ಹೈದರಾಲಿಯ ಹಡಗುಗಳ ಎದುರು

1773ರಲ್ಲಿ ಉತ್ತರ ಧ್ರುವದ ಕಡೆಗಿನ ಹಿಮದ ಸಮುದ್ರಕ್ಕೆ ಹೋಗಿ ಬಂದ ನೆಲ್ಸನ್, ಅದೇ ವರ್ಷದ ಕೊನೆಗೆ ಭಾರತದತ್ತ ಹೊರಟ. ಅವನಿದ್ದ ಹಡಗಿನ ಹೆಸರು ಸೀಹಾರ್ಸ್. ಆ ಪಡೆಯ ಮುಖ್ಯಸ್ಥ ಎಡ್ವರ್ಡ್ ಹ್ಯೂಸ್. ಈ ಹೆಸರನ್ನು ನೆನಪಿಡಿ. ಆಫ್ರಿಕದ ತುದಿಯನ್ನು ಸುತ್ತಿಕೊಂಡು 1774ರ ಮೇ ತಿಂಗಳಲ್ಲಿ ಹಡಗು ಮದ್ರಾಸನ್ನು ಮುಟ್ಟಿತು.

ಆಗ ನಮ್ಮ ಕರಾವಳಿ ಯಾರ ಕೈಯಲ್ಲಿತ್ತು? ಹೈದರಾಲಿಯ ಕೈಯಲ್ಲಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್, ಅದರ ಜೊತೆಗೇ ಮಂಗಳೂರು ಬಂದರನ್ನೂ ಪಡೆದಿದ್ದ. ಅಲ್ಲಿ ಅವನು ನೌಕಾಪಡೆಯನ್ನು ಕಟ್ಟತೊಡಗಿದ. ಹಡಗು ಕಟ್ಟಲು ಪಶ್ಚಿಮ ಘಟ್ಟದ ಸಾಗುವಾನಿ ಮರ ಬಲು ಯೋಗ್ಯ. ಸಾಗುವಾನಿಯಲ್ಲಿ ಎಣ್ಣೆಯಂಥ ಅಂಶವಿರುವುದರಿಂದ ಅದು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ.

1775ರ ಆರಂಭದಲ್ಲಿ ಸೀಹಾರ್ಸ್ ಹಡಗು ಈಸ್ಟ್ ಇಂಡಿಯಾ ಕಂಪನಿಯ ಹಣವನ್ನು ಹೊತ್ತು ಬೊಂಬಾಯಿಗೆ ಹೊರಟಿತು. ಫೆಬ್ರವರಿ 19ರಂದು ಹೈದರಾಲಿಯ ಎರಡು ಚಿಕ್ಕ ಹಡಗುಗಳು ಅದಕ್ಕೆ ಎದುರಾದವು. ಸ್ವಲ್ಪ ಹೊತ್ತು ಗುಂಡಿನ ಕಾಳಗ ನಡೆಯಿತು. ಕೊನೆಗೆ ಹೈದರನ ಹಡಗುಗಳು ಹಿಂದೆ ಸರಿದವು. ಇದು 16 ವರ್ಷದ ನೆಲ್ಸನ್ ಕಂಡ ಮೊದಲ ಯುದ್ಧ.

ಮುಂದೆ ಮಂಗಳೂರಿನಲ್ಲಿ ಏನಾಯಿತು? ನೆನಪಿಡಿ ಎಂದಿದ್ದೆವಲ್ಲ, ಅದೇ ಎಡ್ವರ್ಡ್ ಹ್ಯೂಸ್ 1780ರ ಡಿಸೆಂಬರಿನಲ್ಲಿ ಮತ್ತೆ ಬಂದು ಮಂಗಳೂರು ಬಂದರಿನಲ್ಲಿದ್ದ ಹೈದರಾಲಿಯ ಹಡಗುಗಳನ್ನು ನಾಶಮಾಡಿದ. ಹಲವು ವರ್ಷಗಳ ದುಡಿಮೆ ಒಂದೇ ದಾಳಿಗೆ ಹಾಳಾಯಿತು. ಮುಂದೆ ಟಿಪ್ಪು ಸುಲ್ತಾನ್ ಶತ್ರು ಹಡಗುಗಳು ಹೊಳೆಯೊಳಗೆ ನುಗ್ಗದಂತೆ ಕಾವಲು ಕಾಯಲು ಮಂಗಳೂರಿನ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ಗುರುಪುರ ಹೊಳೆಯ ದಡದಲ್ಲಿದೆ.

ಸೊಳ್ಳೆಗೆ ಸೋತ ಹುಡುಗ

1776ರ ಆರಂಭದಲ್ಲಿ ನೆಲ್ಸನ್‌ಗೆ ಜ್ವರ ಬಂತು. ಬಂದದ್ದು ಬಿಡಲಿಲ್ಲ. ಚಳಿ, ನಡುಕ, ಬೆವರು, ಮತ್ತೆ ಜ್ವರ. ಅವನು ಬದುಕುವುದೇ ಕಷ್ಟ ಎನ್ನುವಂತಾಯಿತು. ಮಾರ್ಚ್ ತಿಂಗಳಲ್ಲಿ ಅವನನ್ನು ಡಾಲ್ಫಿನ್ ಎಂಬ ಹಡಗಿಗೆ ಹತ್ತಿಸಿ ಊರಿಗೆ ಕಳುಹಿಸಿದರು. ಪ್ರಯಾಣ ಆರು ತಿಂಗಳು! ಆ ಹಡಗಿನ ಕ್ಯಾಪ್ಟನ್ ಪಿಗಟ್ ಅವನನ್ನು ಅಕ್ಕರೆಯಿಂದ ನೋಡಿಕೊಂಡ. ಇನ್ನು ತನ್ನಿಂದ ಏನೂ ಆಗದು ಎಂದು ಮಲಗಿದಲ್ಲೇ ಎದೆಗುಂದಿದ್ದ ಹುಡುಗನಿಗೆ, ದೇಶಕ್ಕಾಗಿ ಏನನ್ನಾದರೂ ಸಾಧಿಸಲೇಬೇಕು ಎಂಬ ಛಲ ಹುಟ್ಟಿದ್ದು ಆ ಪ್ರಯಾಣದಲ್ಲೇ ಎಂದು ಅವನು ಮುಂದೆ ನೆನೆಯುತ್ತಿದ್ದ.

ಅವನಿಗೆ ಬಂದಿದ್ದ ಜ್ವರ ಮಲೇರಿಯಾ ಎಂದು ಇಂದಿನ ಇತಿಹಾಸಕಾರರು ಹೇಳುತ್ತಾರೆ. ಮಲೇರಿಯಾ ಎಂಬ ಮಾತಿನ ಅರ್ಥವೇ ಕೆಟ್ಟ ಗಾಳಿ ಎಂದು. ಜೌಗು ನೆಲದ ಕೆಟ್ಟ ಗಾಳಿಯಿಂದ ಈ ಜ್ವರ ಬರುತ್ತದೆಂದು ಅಂದಿನವರು ನಂಬಿದ್ದರು. ನಿಜವಾದ ಕಾರಣ ತಿಳಿಯಲು ಇನ್ನೂ 120 ವರ್ಷ ಬೇಕಾಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಸೂಕ್ಷ್ಮದರ್ಶಕದ ಮೂಲಕ ಕಂಡರು. ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ರೋಗಿಯನ್ನು ಕಚ್ಚಿ, ಅನಂತರ ಆರೋಗ್ಯವಂತರನ್ನು ಕಚ್ಚಿದಾಗ ರೋಗ ಹರಡುತ್ತದೆ. ಈ ಕೆಲಸಕ್ಕಾಗಿ ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನೆಲ್ಸನ್ ಗುಣವಾದನಾದರೂ ಜ್ವರ ಅವನನ್ನು ಮತ್ತೆ ಮತ್ತೆ ಕಾಡಿತು. ಕೆಲವು ಬಗೆಯ ಮಲೇರಿಯಾದ ರೋಗಾಣುಗಳು ಯಕೃತ್ತಿನಲ್ಲಿ ಅಡಗಿದ್ದು, ತಿಂಗಳುಗಳ ನಂತರವೂ ಹೊರಬರುತ್ತವೆ. ವೈದ್ಯರು ಕೊಟ್ಟ ಮಾತ್ರೆಗಳನ್ನು ಜ್ವರ ಇಳಿದ ಮೇಲೂ ಪೂರ್ತಿ ಮುಗಿಸಬೇಕು ಎನ್ನುವುದು ಇದಕ್ಕಾಗಿಯೇ.

1780ರಲ್ಲಿ ಮಧ್ಯ ಅಮೆರಿಕದ ಸಾನ್ ಹುವಾನ್ ನದಿಯ ಕಾಡಿಗೆ ನೆಲ್ಸನ್ ದಂಡೆತ್ತಿ ಹೋದ. ಕೋಟೆಯನ್ನು ಗೆದ್ದರೂ ಜ್ವರ ಮತ್ತು ಭೇದಿ ಸೈನ್ಯವನ್ನು ತಿಂದುಹಾಕಿದವು. ಅವನ ಹಡಗಿನ ಸುಮಾರು 200 ನಾವಿಕರಲ್ಲಿ ಬಹುಪಾಲು ಮಂದಿ ಸತ್ತುಹೋದರು. ನೆಲ್ಸನ್‌ನನ್ನೂ ಹೊತ್ತೇ ತರಬೇಕಾಯಿತು.

ನಿಂಬೆಹಣ್ಣಿನ ಬಲ

ಹಡಗಿನಲ್ಲಿ ಇನ್ನೊಂದು ಶತ್ರು ಇತ್ತು. ಅದರ ಹೆಸರು ಸ್ಕರ್ವಿ. ತಿಂಗಳುಗಟ್ಟಲೆ ಒಣ ರೊಟ್ಟಿ ಮತ್ತು ಉಪ್ಪು ಹಾಕಿದ ಮಾಂಸ ತಿಂದ ನಾವಿಕರಿಗೆ ವಸಡು ಊದಿಕೊಂಡು ರಕ್ತ ಸುರಿಯುತ್ತಿತ್ತು. ಹಲ್ಲು ಉದುರುತ್ತಿತ್ತು. ಮಾಗಿದ ಹಳೆಯ ಗಾಯಗಳೂ ಮತ್ತೆ ಬಿರಿಯುತ್ತಿದ್ದವು. 1782ರಲ್ಲಿ ನೆಲ್ಸನ್‌ನ ಆಲ್ಬಮಾರ್ಲ್ ಹಡಗಿನವರೂ ಈ ರೋಗಕ್ಕೆ ತುತ್ತಾದರು.

ಇದಕ್ಕೆ ಮದ್ದು ಏನೆಂದು 1747ರಲ್ಲೇ ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯ ಒಂದು ಸೊಗಸಾದ ಪ್ರಯೋಗ ಮಾಡಿ ತೋರಿಸಿದ್ದ. ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಎಲ್ಲರಿಗೂ ಊಟ ಒಂದೇ, ಆದರೆ ಪ್ರತಿ ಜೋಡಿಗೂ ಬೇರೆ ಬೇರೆ ಮದ್ದು. ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ಮಿಕ್ಕೆಲ್ಲವನ್ನೂ ಸಮವಾಗಿಟ್ಟು ಒಂದೇ ಒಂದು ಸಂಗತಿಯನ್ನು ಬದಲಿಸಿ ನೋಡುವುದು ಒಳ್ಳೆಯ ಪ್ರಯೋಗದ ಲಕ್ಷಣ. ಆದರೂ ಈ ತಿಳಿವಳಿಕೆಯನ್ನು ನೌಕಾಪಡೆ ಪೂರ್ತಿಯಾಗಿ ಒಪ್ಪಿ, ನಾವಿಕರಿಗೆ ನಿಂಬೆರಸ ಕೊಡತೊಡಗಿದ್ದು 1795ರಲ್ಲಿ. ಅದಕ್ಕೆ ಒಂದು ಕಾರಣ 1794ರಲ್ಲಿ ಭಾರತಕ್ಕೆ ಹೊರಟ ಸಫೋಕ್ ಎಂಬ ಹಡಗು. ದಿನವೂ ನಿಂಬೆರಸ ಕುಡಿದ ಅದರ ನಾವಿಕರು ಎಲ್ಲೂ ನಿಲ್ಲದೆ 23 ವಾರ ಪ್ರಯಾಣ ಮಾಡಿ ಮದ್ರಾಸಿಗೆ ಬಂದಾಗ ಸ್ಕರ್ವಿಯ ಹಾವಳಿ ಇರಲಿಲ್ಲ.

ನೆಲ್ಸನ್ ಈ ಪಾಠವನ್ನು ಚೆನ್ನಾಗಿ ಕಲಿತ. 1803ರಿಂದ ಎರಡು ವರ್ಷ ಅವನ ಹಡಗುಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಕಾವಲು ನಿಂತಿದ್ದಾಗ, ಸಿಸಿಲಿಯಿಂದ ನಿಂಬೆರಸ, ಅಕ್ಕಪಕ್ಕದ ಊರುಗಳಿಂದ ಕಿತ್ತಳೆ, ಈರುಳ್ಳಿ, ತಾಜಾ ಮಾಂಸ ತರಿಸುತ್ತಲೇ ಇದ್ದ. ಸಾವಿರಾರು ನಾವಿಕರಲ್ಲಿ ಕಾಯಿಲೆ ಬಿದ್ದವರು ಬಹಳ ಕಡಿಮೆ. ನಿಂಬೆಯಲ್ಲಿರುವ ಸಿ ಜೀವಸತ್ವವೇ ಇದಕ್ಕೆ ಕಾರಣವೆಂದು ಜಗತ್ತಿಗೆ ತಿಳಿದದ್ದು 20ನೇ ಶತಮಾನದಲ್ಲಿ. ನಿಮ್ಮ ಹಿತ್ತಲಿನ ನೆಲ್ಲಿಕಾಯಿ ಮತ್ತು ಪೇರಳೆಯಲ್ಲಿ ಈ ಜೀವಸತ್ವ ನಿಂಬೆಗಿಂತಲೂ ಹೆಚ್ಚಾಗಿದೆ!

ಒಂದು ಲೆಕ್ಕ ಕೇಳಿ. 1793ರಿಂದ 1815ರವರೆಗಿನ ಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆಯ ಸುಮಾರು 1 ಲಕ್ಷ ಮಂದಿ ಸತ್ತರು. ಅವರಲ್ಲಿ ಶತ್ರುವಿನ ಗುಂಡಿಗೆ ಬಲಿಯಾದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಉಳಿದವರನ್ನು ಕೊಂದದ್ದು ರೋಗ, ಅಪಘಾತ ಮತ್ತು ಬಿರುಗಾಳಿ.

ಒಂದು ಕಣ್ಣು, ಒಂದು ಕೈ

1793ರಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಯುದ್ಧ ಶುರುವಾಯಿತು. ಐದು ವರ್ಷ ಕೆಲಸವಿಲ್ಲದೆ ಹಳ್ಳಿಯಲ್ಲಿ ಕುಳಿತಿದ್ದ ನೆಲ್ಸನ್‌ಗೆ ಮತ್ತೆ ಹಡಗು ಸಿಕ್ಕಿತು. 1794ರ ಜುಲೈನಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿ ಎಂಬಲ್ಲಿ ಫಿರಂಗಿಯ ಗುಂಡು ಬಡಿದು ಸಿಡಿದ ಕಲ್ಲುಮಣ್ಣು ಅವನ ಬಲಗಣ್ಣಿಗೆ ಹೊಡೆಯಿತು. ಆ ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಯಿತು. ಚಿತ್ರಗಳಲ್ಲಿ ಅವನ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿರುವುದನ್ನು ನೀವು ನೋಡಬಹುದು. ಅದು ತಪ್ಪು. ಕಣ್ಣು ಹೊರಗೆ ಸರಿಯಾಗಿಯೇ ಕಾಣುತ್ತಿತ್ತು. ಅವನು ಪಟ್ಟಿ ಕಟ್ಟುತ್ತಿರಲಿಲ್ಲ.

1797ರ ಜುಲೈನಲ್ಲಿ ಟೆನೆರಿಫ್ ದ್ವೀಪದ ಮೇಲೆ ದಾಳಿ ಮಾಡಿದಾಗ ಗುಂಡೊಂದು ಅವನ ಬಲತೋಳಿನ ಮೂಳೆಯನ್ನು ಪುಡಿಮಾಡಿತು. ರಕ್ತ ಧಾರೆಯಾಗಿ ಹರಿಯಿತು. ಜೊತೆಗಿದ್ದ ಮಲಮಗ ಜೋಸಯಾ ತನ್ನ ಕುತ್ತಿಗೆಯ ರೇಷ್ಮೆ ವಸ್ತ್ರವನ್ನು ಗಾಯದ ಮೇಲ್ಭಾಗದಲ್ಲಿ ಬಿಗಿದು ರಕ್ತವನ್ನು ನಿಲ್ಲಿಸಿದ. ಇಲ್ಲದಿದ್ದರೆ ನೆಲ್ಸನ್ ಅಂದೇ ಸಾಯುತ್ತಿದ್ದ. ಹಡಗಿನಲ್ಲಿ ತೋಳನ್ನು ಕತ್ತರಿಸಿ ತೆಗೆದರು. ನೋವು ಗೊತ್ತಾಗದಂತೆ ಮಾಡುವ ಅರಿವಳಿಕೆ ಇನ್ನೂ ಬಂದಿರಲಿಲ್ಲ. ಎಚ್ಚರವಿರುವಾಗಲೇ ಶಸ್ತ್ರಚಿಕಿತ್ಸೆ! ರಕ್ತನಾಳವನ್ನು ಕಟ್ಟುವಾಗ ದಾರದಲ್ಲಿ ಒಂದು ನರವೂ ಸಿಕ್ಕಿಕೊಂಡಿತ್ತು. ಆ ದಾರ ಕಳಚಿ ಬೀಳುವವರೆಗೆ, ಅಂದರೆ ಡಿಸೆಂಬರಿನವರೆಗೆ, ಅವನು ನೋವಿನಲ್ಲೇ ಇದ್ದ.

ಆಗ ಅವನಿಗೆ 38 ವರ್ಷ. ಆ ವಯಸ್ಸಿನಲ್ಲಿ ಎಡಗೈಯಿಂದ ಬರೆಯಲು ಕಲಿತ. ನೀವೂ ಒಮ್ಮೆ ನಿಮ್ಮ ಹೆಸರನ್ನು ಇನ್ನೊಂದು ಕೈಯಿಂದ ಬರೆದು ನೋಡಿ. ಎಷ್ಟು ಕಷ್ಟ ಎಂದು ತಿಳಿಯುತ್ತದೆ. ದಿನವೂ ಅಭ್ಯಾಸ ಮಾಡಿದರೆ ಮಿದುಳು ಹೊಸದನ್ನು ಕಲಿಯುತ್ತದೆ ಎಂಬುದೂ ತಿಳಿಯುತ್ತದೆ.

ನೈಲ್ ನದಿಯಿಂದ ಗಡಾಯಿಕಲ್ಲಿನವರೆಗೆ

1798ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ಒಂದು ಫ್ರೆಂಚ್ ಹಡಗು ಬಂತು. ಅದರಲ್ಲಿ ಮಾರಿಷಸ್‌ನಿಂದ ಮರಳಿದ ಟಿಪ್ಪು ಸುಲ್ತಾನನ ದೂತರೂ, ಅವನಿಗೆ ನೆರವಾಗಲು ಬಂದ ನೂರರಷ್ಟು ಫ್ರೆಂಚರೂ ಇದ್ದರು. ಅದೇ ವರ್ಷದ ಜುಲೈನಲ್ಲಿ ಫ್ರಾನ್ಸಿನ ಸೇನಾಪತಿ ನೆಪೋಲಿಯನ್ ದೊಡ್ಡ ಸೈನ್ಯದೊಡನೆ ಈಜಿಪ್ಟಿನಲ್ಲಿ ಇಳಿದ. ಅಲ್ಲಿಂದ ಭಾರತದ ದಾರಿಯನ್ನು ಹಿಡಿಯುವುದು, ಟಿಪ್ಪುವಿನೊಡನೆ ಕೈಜೋಡಿಸುವುದು ಅವನ ಆಲೋಚನೆಯಾಗಿತ್ತು.

ಆಗಸ್ಟ್ 1ರ ಸಂಜೆ ಈಜಿಪ್ಟಿನ ಅಬುಕಿರ್ ಕೊಲ್ಲಿಯಲ್ಲಿ ಫ್ರೆಂಚರ 13 ದೊಡ್ಡ ಯುದ್ಧನೌಕೆಗಳು ಸಾಲಾಗಿ ಲಂಗರು ಹಾಕಿ ನಿಂತಿದ್ದವು. ದಡದ ಕಡೆ ನೀರು ಆಳವಿಲ್ಲ, ಅತ್ತಲಿಂದ ಯಾರೂ ಬರಲಾರರು ಎಂದು ಅವರು ನಂಬಿದ್ದರು. ಆದರೆ ಲಂಗರು ಹಾಕಿದ ಹಡಗು ಗಾಳಿಗೆ ತಿರುಗಲು ಸ್ವಲ್ಪ ಜಾಗ ಬೇಕಲ್ಲವೇ? ಹಾಗಿದ್ದರೆ ಅದರ ಆಚೆ ಬದಿಯಲ್ಲೂ ಹಡಗು ಹೋಗುವಷ್ಟು ನೀರು ಇರಲೇಬೇಕು. ಈ ಸರಳ ತರ್ಕವೇ ಯುದ್ಧವನ್ನು ಗೆದ್ದಿತು. ನೆಲ್ಸನ್‌ನ ಕೆಲವು ಹಡಗುಗಳು ಸಾಲಿನ ಆಚೆಗೆ ನುಗ್ಗಿ, ಎರಡೂ ಬದಿಯಿಂದ ಗುಂಡಿನ ಮಳೆಗರೆದವು. 13ರಲ್ಲಿ 11 ಹಡಗುಗಳು ಸೆರೆಸಿಕ್ಕವು ಅಥವಾ ನಾಶವಾದವು. ನೆಪೋಲಿಯನ್ ಈಜಿಪ್ಟಿನಲ್ಲೇ ಸಿಕ್ಕಿಬಿದ್ದ.

ನೆಲ್ಸನ್ ಈ ಸುದ್ದಿಯನ್ನು ತಿಳಿಸಲು ಒಬ್ಬ ಅಧಿಕಾರಿಯನ್ನು ನೆಲದ ದಾರಿಯಲ್ಲಿ ಬೊಂಬಾಯಿಗೆ ಅಟ್ಟಿದ. ಸಂತೋಷಗೊಂಡ ಈಸ್ಟ್ ಇಂಡಿಯಾ ಕಂಪನಿ ಅವನಿಗೆ 10,000 ಪೌಂಡ್ ಬಹುಮಾನ ಕೊಟ್ಟಿತು. ಟಿಪ್ಪುವಿಗೆ ಬರಬೇಕಾಗಿದ್ದ ನೆರವು ಬರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಹೋರಾಡುತ್ತ ಮಡಿದ. ಅದೇ ವರ್ಷ ಮಂಗಳೂರು, ಬಂಟ್ವಾಳ, ಮೂಡುಬಿದಿರೆಗಳೆಲ್ಲ ಕಂಪನಿಯ ಆಡಳಿತಕ್ಕೆ ಸೇರಿದವು. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಕಟ್ಟಿಸಿದ್ದ ಜಮಲಾಬಾದ್ ಕೋಟೆಯೂ ಬ್ರಿಟಿಷರ ವಶವಾಯಿತು. ದೂರದ ಈಜಿಪ್ಟಿನ ಸಮುದ್ರಯುದ್ಧದ ಅಲೆ ಹೀಗೆ ನಮ್ಮ ಊರಿನ ಬಂಡೆಗೂ ಬಂದು ಬಡಿದಿತ್ತು.

ಧ್ವಜಗಳ ಮಾತು

1805ರ ಅಕ್ಟೋಬರ್ 21. ಸ್ಪೇನಿನ ಟ್ರಫಾಲ್ಗರ್ ಎಂಬ ಭೂಶಿರದ ಬಳಿ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ 33 ಹಡಗುಗಳು ಒಂದು ಕಡೆ, ನೆಲ್ಸನ್‌ನ 27 ಹಡಗುಗಳು ಇನ್ನೊಂದು ಕಡೆ. ಆಗ ರೇಡಿಯೊ ಇರಲಿಲ್ಲ, ಮೊಬೈಲ್ ಇರಲಿಲ್ಲ. ದೂರದ ಹಡಗುಗಳಿಗೆ ಮಾತು ತಿಳಿಸುವುದು ಹೇಗೆ? ಬಣ್ಣದ ಧ್ವಜಗಳಿಂದ! 0ಯಿಂದ 9ರವರೆಗೆ ಪ್ರತಿ ಅಂಕಿಗೂ ಒಂದು ಧ್ವಜ. ಮೂರು ಧ್ವಜ ಏರಿಸಿದರೆ ಮೂರಂಕಿಯ ಸಂಖ್ಯೆ. ಪ್ರತಿ ಸಂಖ್ಯೆಗೂ ಒಂದು ಪದವನ್ನು ಸಂಕೇತ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಉದಾಹರಣೆಗೆ 253 ಎಂದರೆ ಇಂಗ್ಲೆಂಡ್.

ಪ್ರತಿಯೊಬ್ಬನೂ ತನ್ನ ಕರ್ತವ್ಯವನ್ನು ಮಾಡಲಿ ಎಂಬ ಅರ್ಥದ ಸಂದೇಶವನ್ನು ನೆಲ್ಸನ್ ಕಳುಹಿಸಲು ಹೇಳಿದ. ಅವನು ಆರಿಸಿದ ಒಂದು ಪದ ಪುಸ್ತಕದಲ್ಲಿ ಇರಲಿಲ್ಲ. ಸಂಕೇತದ ಅಧಿಕಾರಿ ಪುಸ್ತಕದಲ್ಲಿದ್ದ ಬೇರೆ ಪದವನ್ನು ಸೂಚಿಸಿ ಧ್ವಜಗಳನ್ನು ಉಳಿಸಿದ. ಕರ್ತವ್ಯ ಎಂಬ ಅರ್ಥದ ಡ್ಯೂಟಿ ಎಂಬ ಪದವೂ ಪುಸ್ತಕದಲ್ಲಿ ಇರಲಿಲ್ಲ! ಅದನ್ನು ಡಿ, ಯು, ಟಿ, ವೈ ಎಂದು ಒಂದೊಂದೇ ಅಕ್ಷರವಾಗಿ ಏರಿಸಬೇಕಾಯಿತು.

ಅಂದಿನ ರೂಢಿಯಂತೆ ಶತ್ರುವಿನ ಸಾಲಿಗೆ ಸಮಾನಾಂತರವಾಗಿ ನಿಲ್ಲದೆ, ನೆಲ್ಸನ್ ತನ್ನ ಹಡಗುಗಳನ್ನು ಎರಡು ಸಾಲು ಮಾಡಿ ಶತ್ರುವಿನ ಸಾಲನ್ನು ನಡುವೆ ಕತ್ತರಿಸಿದ. ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ ಫ್ರೆಂಚ್ ಹಡಗಿನ ಕೂವೆಮರದ ಮೇಲಿಂದ ಬಂದ ಗುಂಡು ಅವನ ಭುಜವನ್ನು ಹೊಕ್ಕು ಬೆನ್ನುಮೂಳೆಯನ್ನು ಮುರಿಯಿತು. ಗೆಲುವಿನ ಸುದ್ದಿ ಕೇಳಿದ ಮೇಲೆ, ಸಂಜೆ ನಾಲ್ಕೂವರೆಗೆ ಅವನು ಪ್ರಾಣಬಿಟ್ಟ. ಆಗ ಅವನಿಗೆ 47 ವರ್ಷ. ಬ್ರಿಟಿಷರು ಒಂದು ಹಡಗನ್ನೂ ಕಳೆದುಕೊಳ್ಳಲಿಲ್ಲ. ಆದರೆ ಎರಡೂ ಕಡೆ ಸೇರಿ ಸಾವಿರಾರು ಜನ ಸತ್ತರು.

ದೇಹವನ್ನು ಊರಿಗೆ ಒಯ್ಯಲು ವಾರಗಳೇ ಬೇಕು. ಕೊಳೆಯದಿರಲೆಂದು ಹಡಗಿನ ವೈದ್ಯ ಬೀಟಿ ಅದನ್ನು ಬ್ರಾಂದಿ ತುಂಬಿದ ಪೀಪಾಯಿಯಲ್ಲಿ ಇರಿಸಿದ. ಮದ್ಯಸಾರ ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. 1806ರ ಜನವರಿ 9ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅವನನ್ನು ಸಮಾಧಿ ಮಾಡಿದರು. ಅವನ ಹಡಗು ವಿಕ್ಟರಿ ಇಂದಿಗೂ ಪೋರ್ಟ್ಸ್‌ಮತ್ ಬಂದರಿನಲ್ಲಿದೆ.

ಯೋಚಿಸಿ

ನೆಲ್ಸನ್ ಅವನ ದೇಶಕ್ಕೆ ವೀರ. ನಮ್ಮ ಕರಾವಳಿಗೆ ಅವನು ಎದುರಾಳಿಯಾಗಿ ಬಂದವನು. ಅವನ ಎಲ್ಲ ಕೆಲಸಗಳೂ ಮೆಚ್ಚುವಂಥವಲ್ಲ. 1799ರಲ್ಲಿ ನೇಪಲ್ಸ್‌ನಲ್ಲಿ ಸೆರೆಸಿಕ್ಕ ನೌಕಾಧಿಕಾರಿ ಕಾರಾಚೋಲೊನನ್ನು ಒಂದೇ ದಿನದಲ್ಲಿ ವಿಚಾರಣೆ ಮುಗಿಸಿ ಗಲ್ಲಿಗೇರಿಸಿದ. ಗುಲಾಮರನ್ನು ಇಟ್ಟುಕೊಂಡಿದ್ದ ತೋಟಗಳ ಒಡೆಯರ ಪರವಾಗಿ ನಿಂತ. ಅವನ ಹಡಗುಗಳಲ್ಲಿ ದುಡಿದವರಲ್ಲಿ ಅನೇಕರು ಬಲವಂತವಾಗಿ ಹಿಡಿದು ತಂದವರು. ಒಬ್ಬ ಮನುಷ್ಯನ ಧೈರ್ಯವನ್ನೂ ತಪ್ಪನ್ನೂ ಎರಡನ್ನೂ ನೋಡಬೇಕು. ನಿಮಗೆ ಏನನ್ನಿಸುತ್ತದೆ? ತರಗತಿಯಲ್ಲಿ ಚರ್ಚಿಸಿ.

ಮಾಡಿ ನೋಡಿ

1. ಹತ್ತು ಬಣ್ಣದ ಕಾಗದಗಳಿಂದ 0ಯಿಂದ 9ರವರೆಗೆ ಧ್ವಜಗಳನ್ನು ಮಾಡಿ. ಮೂವತ್ತು ಕನ್ನಡ ಪದಗಳಿಗೆ ಸಂಖ್ಯೆ ಕೊಟ್ಟು ನಿಮ್ಮದೇ ಸಂಕೇತ ಪುಸ್ತಕ ಬರೆಯಿರಿ. ಮೈದಾನದ ಎರಡು ತುದಿಗಳಲ್ಲಿ ನಿಂತು ಸದ್ದಿಲ್ಲದೆ ಮಾತಾಡಿ.

2. ಸೊಳ್ಳೆಯೊಡನೆ ಯುದ್ಧ ಮಾಡಿ. ಮಂಗಳೂರಿನಲ್ಲಿ 1990ರ ದಶಕದಿಂದ ಹಲವು ವರ್ಷ ಮಲೇರಿಯಾ ಜನರನ್ನು ಕಾಡಿತು. ಅದರ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ಮುಚ್ಚಳವಿಲ್ಲದ ತೊಟ್ಟಿಗಳನ್ನು ಮುಚ್ಚಿಸಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಗೆರಟೆ, ಹಳೆಯ ಟಯರುಗಳಲ್ಲಿ ಮಳೆನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆಯೂ ಹುಟ್ಟುತ್ತದೆ. ವಾರಕ್ಕೊಮ್ಮೆ ಅವನ್ನು ಹಿರಿಯರ ಜೊತೆ ಮಗುಚಿ ಹಾಕಿ. ಏಕೆ ವಾರಕ್ಕೊಮ್ಮೆ? ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಅಷ್ಟರೊಳಗೆ ನೀರು ಚೆಲ್ಲಿದರೆ ಗೆಲುವು ನಿಮ್ಮದೇ.

ನೂರಾರು ಫಿರಂಗಿಗಳಿದ್ದ ಹಡಗುಪಡೆಗೆ ತಿಳಿಯದಿದ್ದ ಈ ಯುದ್ಧತಂತ್ರ ಇಂದು ನಿಮಗೆ ತಿಳಿದಿದೆ. ಮಳೆಗಾಲ ಬರುವ ಮೊದಲೇ ಶುರುಮಾಡುತ್ತೀರಲ್ಲವೇ?